ತಬೆಸಸೆರರೆತಕುನಕತ್ತ: ಜಪಾನಿ ಕ್ರಿಯಾಪದದ ಬಾಲ ಬಿಡಿಸೋದು ಹೇಗೆ?

ಹೊಸಬ_ಎನ್4
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಜೆಎಲ್‌ಪಿಟಿಯ ಎನ್4 ಹಂತ ಬರೀತಿದ್ದೀನಿ, ಬೆಂಗಳೂರು ಕೇಂದ್ರ. ಹಿರಗಾನ, ಕತಕಾನ ಲಿಪಿಗಳು ಆಯ್ತು. ಚೀನಾ ಮೂಲದ ಅಕ್ಷರ ಕಾಂಜಿ ಹೇಗೋ ತಳ್ಳಿಕೊಂಡು ಹೋಗ್ತಿದೆ. ಕ್ರಿಯಾಪದದ ಹತ್ರ ಬಂದು ಗಾಡಿ ನಿಂತುಬಿಟ್ಟಿದೆ.

ತರಗತಿಯಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಒಂದೇ ಒಂದು ಪದ ಬರೆದರು: ತಬೆಸಸೆರರೆತಕುನಕತ್ತ. "ಬಲವಂತಕ್ಕೆ ತಿನ್ನೋ ಪಾಡು ನನಗೆ ಬೇಕಿರಲಿಲ್ಲ" ಅಂತ ಅರ್ಥವಂತೆ. ಇಷ್ಟೂ ಒಂದೇ ಪದದಲ್ಲಿ! ನಮ್ಮ ಪಠ್ಯಪುಸ್ತಕ ಇಂಗ್ಲಿಷಿನದು. ಒಂದೊಂದು ರೂಪಕ್ಕೂ ಒಂದು ಪಾಠ, ಒಂದು ಕೋಷ್ಟಕ. ಪಟ್ಟಿ ಉರು ಹೊಡೆಯೋದು ಬಿಟ್ಟರೆ ಬೇರೆ ದಾರಿ ಇದೆಯಾ?

ಕಾಗುಣಿತ
ಮೇಷ್ಟ್ರು ಸ್ವಲ್ಪ ಕಟುಕರು, ಆದರೆ ಪದ ಒಳ್ಳೆಯದನ್ನೇ ಆರಿಸಿದ್ದಾರೆ.

ಎಡದಿಂದ ಒಂದೊಂದೇ ಬಿಡಿಸಿ. "ತಬೆ" ಅನ್ನೋದು ಧಾತು, ತಿನ್ನು. "ಸಸೆ" ಅಂದರೆ ನಮ್ಮ "ಇಸು". ತಿನ್ನು ತಿನ್ನಿಸು ಆದ ಹಾಗೆ ತಬೆರು ತಬೆಸಸೆರು ಆಗುತ್ತದೆ. "ರರೆ" ನಮ್ಮ "ಅಲ್ಪಡು", ಕರ್ಮಣಿ. "ತಾಯ್" ಅಂದರೆ ಆಸೆ, ಬೇಕು ಅನ್ನಿಸೋದು. ಅದರ ಬೆನ್ನಿಗೆ ಇನ್ನೊಂದು ಪ್ರತ್ಯಯ ಬರುತ್ತಿರುವುದರಿಂದ "ತಕು" ಎಂದು ವೇಷ ಬದಲಿಸಿದೆ. "ನಾಯ್" ನಿಷೇಧ. "ಕತ್ತ" ಭೂತಕಾಲ. ತಬೆ-ಸಸೆ-ರರೆ-ತಕು-ನ-ಕತ್ತ.

ನೀವು ಗಮನಿಸಬೇಕಾದ್ದು ಇಷ್ಟೇ: ಅಂಟಿಕೊಂಡ ಪ್ರತಿಯೊಂದು ಪ್ರತ್ಯಯವೂ ತಾನೇ ಒಂದು ಹೊಸ ಪದವಾಗಿ ಮುಂದಿನದನ್ನು ಬರಮಾಡಿಕೊಳ್ಳುತ್ತದೆ. ತಬೆಸಸೆರು ಸ್ವತಃ ತಬೆರು ಥರದ್ದೇ ಕ್ರಿಯಾಪದ, ಅದನ್ನು ತಬೆರು ನಡೆಯುವ ಹಾಗೇ ನಡೆಸಿ. ತಬೆರರೆರು ಕೂಡ ಹಾಗೇ. ಆದರೆ "ತಾಯ್" ಅಂಟಿದ ಕೂಡಲೇ ಇಡೀ ಪದ ಗುಣವಾಚಕವಾಗಿಬಿಡುತ್ತದೆ. ತಕಾಯ್ (ಎತ್ತರ) ಹೇಗೆ ತಕಕು-ನಾಯ್, ತಕಕತ್ತ ಆಗುತ್ತದೋ ಅದೇ ಚಾಲು. "ನಾಯ್" ಕೂಡ ಗುಣವಾಚಕದ ಜಾತಿಯೇ. ಹಾಗಾಗಿ ಇಪ್ಪತ್ತು ಕೋಷ್ಟಕ ಬೇಕಿಲ್ಲ. ಯಾವ ಬಾಲ ಯಾವ ಜಾತಿ ಅಂತ ತಿಳಿದರೆ ಸಾಕು.

ಸರದಿಯೂ ನಮ್ಮದೇ. "ಮಾಡಿಸಲ್ಪಟ್ಟ" ಅನ್ನುವಾಗ "ಇಸು" ಮೊದಲು, "ಅಲ್ಪಡು" ಆಮೇಲೆ. ಜಪಾನಿಯಲ್ಲೂ "ಸಸೆ" ಮೊದಲು, "ರರೆ" ಆಮೇಲೆ. ಒಂದೇ ವ್ಯತ್ಯಾಸ, ಕೊನೆಯಲ್ಲಿ ಯಾರು ಅಂತ ಹೇಳುವ ಪ್ರತ್ಯಯವೇ ಇಲ್ಲ. ನಾವು ತಿಂದೆ, ತಿಂದಳು, ತಿಂದರು ಅಂತ ಕರ್ತೃವನ್ನು ಬಾಲದಲ್ಲೇ ಕಟ್ಟುತ್ತೇವೆ. ಅಲ್ಲಿ ಎಲ್ಲದಕ್ಕೂ "ತಬೆತ". ಲಿಂಗ, ವಚನ, ಪುರುಷ ಯಾವುದೂ ಇಲ್ಲ. ಖುಷಿಪಡಿ.

ಹೊಸಬ_ಎನ್4
ಸರ್, ತುಂಬಾ ಧನ್ಯವಾದ. "ತಬೆರು" ಗುಂಪಿಗೆ ಸರಿಹೋಯ್ತು. "ಕಕು" (ಬರೆಯೋದು) ಥರದವು ಯಾಕೆ ಕಕನಾಯ್, ಕಕಿಮಸು, ಕಕೆಬ ಅಂತ ಕುಣಿಯುತ್ತವೆ? ಧಾತು ಯಾವುದು ಅಂತಲೇ ಗೊತ್ತಾಗಲ್ಲ.

ಕಾಗುಣಿತ
ನೀವೇ ಉತ್ತರ ಬರೆದಿದ್ದೀರಿ, ನೋಡಿಕೊಂಡಿಲ್ಲ ಅಷ್ಟೇ. ಕಕ-ನಾಯ್, ಕಕಿ-ಮಸು, ಕಕು, ಕಕೆ-ಬ, ಕಕೊ-ಓ. ಕ ಕಿ ಕು ಕೆ ಕೊ. ಒಂದನೇ ಕ್ಲಾಸಿನ ಕಾಗುಣಿತ ಮಾರಾಯರೇ! ಧಾತು "ಕಕ್", ಮೇಲೆ ಸ್ವರ ಬದಲಾಗುತ್ತದೆ. ಈ ಗುಂಪಿಗೆ ಜಪಾನಿಯರು "ಗೊದಾನ್" ಅನ್ನುತ್ತಾರೆ, ಐದು ಮೆಟ್ಟಿಲಿನದು ಅಂತ. ನಿಷೇಧಕ್ಕೆ ಅ-ಮೆಟ್ಟಿಲು, ವಿನಯಕ್ಕೆ ಇ-ಮೆಟ್ಟಿಲು, ಇದ್ದ ಹಾಗೇ ಹೇಳಲು ಉ-ಮೆಟ್ಟಿಲು, ನಮ್ಮ "ಬರೆದರೆ" ಅರ್ಥಕ್ಕೆ ಎ-ಮೆಟ್ಟಿಲು, "ಮಾಡೋಣ" ಅನ್ನಲು ಒ-ಮೆಟ್ಟಿಲು.

ಅ-ಇ-ಉ-ಎ-ಒ, ಕ-ಸ-ತ-ನ ಎಂಬ ಅವರ ವರ್ಣಮಾಲೆಯ ಕ್ರಮ ಅಲ್ಲಿಗೆ ಹೋದದ್ದೇ ನಮ್ಮ ಕಡೆಯಿಂದ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತ ಬರೆಯುವ ಸಿದ್ಧಂ ಲಿಪಿ ಕಲಿತರು, ಆ ಅಧ್ಯಯನದಿಂದ ಈ ಜೋಡಣೆ ಬಂತು. ರೋಮನ್ ಅಕ್ಷರದಲ್ಲಿ ಕಲಿಯುವವರಿಗೆ ಇದು ಕಾಣುವುದು ತಡ. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಮೆಟ್ಟಿಲು ಕಣ್ಣಿಗೆ ಹೊಡೆಯುತ್ತದೆ. ಈ ಮೆಟ್ಟಿಲುಗಳನ್ನು ಕ್ರಮವಾಗಿ ವಿಂಗಡಿಸಿ ಕೊಟ್ಟವರಲ್ಲಿ ದೊಡ್ಡ ಹೆಸರು ಮೊತೊಒರಿ ಹರುನಿವ, 1763ರಿಂದ 1828ರವರೆಗೆ ಬದುಕಿದ್ದವರು. ಕಣ್ಣು ಕಳೆದುಕೊಂಡ ಮೇಲೆ ಆ ಕೆಲಸ ಮಾಡಿದರು ಅನ್ನೋದು ನನಗೆ ಇಂದಿಗೂ ಬೆರಗು.

ನಿಯಮ ಮುರಿಯುವ ದೊಡ್ಡ ಕ್ರಿಯಾಪದ ಎರಡೇ: ಸುರು (ಮಾಡು), ಕುರು (ಬರು). ನಮ್ಮಲ್ಲಿ ಬೀಳು-ಬಿದ್ದು, ನಗು-ನಕ್ಕು, ಕೀಳು-ಕಿತ್ತು, ಹೊರು-ಹೊತ್ತು... ಪಾಪ, ಕನ್ನಡ ಕಲಿಯುವ ಜಪಾನಿಯವರನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಒಸಾಕಾ_ವಾಸಿ
ಧಾರವಾಡದಾಂವ, ಈಗ ಒಸಾಕಾದಾಗ ಇದ್ದೇನ್ರಿ. ಕಾಗುಣಿತ ಸರ್ ಹೇಳಿದ್ದು ಖರೇ. ಆದ್ರ ಅಸಲಿ ಮಜಾ ಇರೂದು "ತೆ" ರೂಪದಾಗ.

ತಬೆತೆ ಅಂದ್ರ "ತಿಂದು". ಇತ್ತೆ ಅಂದ್ರ "ಹೋಗಿ". ಶಿತೆ ಅಂದ್ರ "ಮಾಡಿ". ಸಾಲ್ಯಾಗ ಕೃದಂತಾವ್ಯಯ ಅಂತ ಕಲ್ತಿರ್ತೀರಲ್ಲ, ಅದ. ಇದರ ಬೆನ್ನಿಗೆ ಇನ್ನೊಂದು ಕ್ರಿಯಾಪದ ಹಚ್ಚಿದ್ರ ಅರ್ಥ ಹೊಳ್ಳತೈತಿ, ಮತ್ತ ಹಚ್ಚೂ ಕ್ರಿಯಾಪದನೂ ಭಾಳ ಸಲ ನಮ್ಮದ:

ತಬೆತೆ ಮಿರು: ತಿಂದು ನೋಡು. ಮಿರು ಅಂದ್ರ ನೋಡೂದು.
ತಬೆತೆ ಶಿಮತ್ತ: ತಿಂದುಬಿಟ್ಟೆ. ಮಾತಿನ್ಯಾಗ ತಬೆಚತ್ತ, ನಾವು "ತಿಂದ್ಬಿಟ್ಟೆ" ಅಂತ ಕುಗ್ಗಿಸಿದಂಗ. "ಮುಗದ ಹೋತು" ಅನ್ನೂ ಅರ್ಥ, "ಅಯ್ಯ, ಹಿಂಗಾತಲ್ಲ" ಅನ್ನೂ ಅರ್ಥ, ಎರಡೂ ಅದರಾಗ.
ಕತ್ತೆ ಒಕು: ಕೊಂಡು ಇಡು, ಮುಂದ ಬೇಕಾಗ್ತೈತಿ ಅಂತ. ಒಕು ಅಂದ್ರ ಇಡೂದು.
ಸಮುಕು ನತ್ತೆ ಕಿತ: ಚಳಿ ಆಗ್ತಾ ಬಂತು. ಕಿತ ಅಂದ್ರ ಬಂತು.
ಫುಎತೆ ಇಕು: ಹೆಚ್ಚಗೋತ ಹೋಗ್ತೈತಿ. ಇಕು ಅಂದ್ರ ಹೋಗೂದು.

ಇನ್ನ "ತೆ ಇರು". ಇಂಗ್ಲಿಷ್ ಪುಸ್ತಕ ಓದಿದವರು "ನಡೀಲಿಕ್ಕತ್ತೈತಿ" ಅನ್ನೂ ಅರ್ಥ ಅಂತ ಬರಕೋತಾರ. ಆಮ್ಯಾಲೆ "ಶಿಂದೆ ಇರು" ಬರತೈತಿ. ಸಾಯಾಕತ್ತಾನ ಅಂತ ತಿಳಕೋತಾರ. ಅಲ್ಲರೀ, ಸತ್ತಿದ್ದಾನ! ಸತ್ತು + ಇದ್ದಾನ. ಕೆಕ್ಕೊನ್ ಶಿತೆ ಇರು ಅಂದ್ರ ಮದುವಿ ಆಗಿದ್ದಾರ, ಮಂಟಪದಾಗ ನಿಂತಿಲ್ಲ. ಸುವತ್ತೆ ಇರು ಅಂದ್ರ ಕೂತಿದ್ದಾನ. ಕನ್ನಡದಾಗ ಯೋಚನಿ ಮಾಡಿದ್ರ ಇದು ಪಾಠನ ಅಲ್ಲ. ಆದ್ರ "ತಬೆತೆ ಇರು" ಅಂದಾಗ ಮಾತ್ರ ಹೆಚ್ಚಾಗಿ "ತಿನ್ನಾಕತ್ತಾನ" ಅಂತನ ಅರ್ಥ. ಹೊತ್ತು ಹಿಡಿಯೂ ಕೆಲಸಕ್ಕ ನಡೀತಿರೂ ಅರ್ಥ, ಒಂದ ಕ್ಷಣದಾಗ ಬದಲಾಗೂದಕ್ಕ ಆಗಿ ಉಳಿದ ಅರ್ಥ.

ಪಶ್ಚಿಮ ಜಪಾನಿನ್ಯಾಗ, ಹಿರೊಶಿಮಾ ಕಡೆ, ಎರಡನ್ನೂ ಬ್ಯಾರೆ ಮಾಡ್ಯಾರ. ಹೂ "ಚಿರಿಯೊರು" ಅಂದ್ರ ಉದುರಾಕತ್ತೈತಿ, "ಚಿತ್ತೊರು" ಅಂದ್ರ ಉದುರಿ ಬಿದ್ದೈತಿ. ಪರೀಕ್ಷಾಕ್ಕ ಬರೂದಿಲ್ಲ, ಚಿಂತಿ ಬ್ಯಾಡ.

ಕುಂಬಳೆ_ಕಡಲು
ಒಸಾಕಾದವರು ಹೇಳಿದ್ದಕ್ಕೆ ನಂದೂ ಒಂದು. "ತಬೆತ ಕೊತೊ ಗ ಅರು" ಅಂತ ಒಂದು ಪಾಠ ಉಂಟಲ್ಲ, ಹಿಂದೆ ಎಂದಾದರೂ ತಿಂದ ಅನುಭವ ಹೇಳುವುದಕ್ಕೆ. ನಮ್ಮ ಊರಿನವರಿಗೆ ಅದು ಕಲಿಯಲಿಕ್ಕೇ ಇಲ್ಲ ಮಾರಾಯ್ರೆ. "ತಿಂದದ್ದುಂಟು." ತಬೆತ ಕೊತೊ ಅಂದರೆ ತಿಂದದ್ದು, ಅರು ಅಂದರೆ ಉಂಟು. ತಿಂದದ್ದಿಲ್ಲ ಅಂದರೆ "ತಬೆತ ಕೊತೊ ಗ ನಾಯ್".

"ತಬೆನಕೆರೆಬ ನರನಾಯ್" ಅಂತ ಒಂದು ಉದ್ದದ್ದು ಉಂಟು, ತಿನ್ನಲೇಬೇಕು ಅಂತ. ನರನಾಯ್ ಅಂದರೆ ಆಗದು. "ತಿನ್ನದಿದ್ದರೆ ಆಗದು." ಅಷ್ಟೇ. ಮನೆಯಿಂದ ಹೊರಡುವಾಗ "ಇತ್ತೆ ಕಿಮಸು" ಅನ್ನುವುದಂತೂ ಎಲ್ಲರಿಗೂ ಗೊತ್ತುಂಟು, ಹೋಗಿ ಬರ್ತೇನೆ.

ಅರಳಿಕಟ್ಟೆ
ಇಷ್ಟೆಲ್ಲ ಹೊಂದುತ್ತೆ ಅಂದ್ಮೇಲೆ ಜಪಾನಿ ಭಾಷೆ ದ್ರಾವಿಡದಿಂದಲೇ ಹುಟ್ಟಿದ್ದು ಅಂತ ಆಯ್ತಲ್ಲ! ತಮಿಳಿನಿಂದ ಬಂದಿದ್ದು ಅಂತ ಜಪಾನಿನ ಪ್ರೊಫೆಸರ್ ಒಬ್ಬರೇ ಹೇಳಿದ್ದಾರೆ.

ತರ್ಕಪ್ರಿಯ
ನಿಧಾನ. ಅವರು ಒನೊ ಸುಸುಮು. ಹಳೆಯ ಜಪಾನಿ ಭಾಷೆಯ ದೊಡ್ಡ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ತಮಿಳಿನ ನಂಟಿನ ವಾದ ಮಾತ್ರ ಭಾಷಾವಿಜ್ಞಾನಿಗಳ ನಡುವೆ ನಿಲ್ಲಲಿಲ್ಲ. ಪದಗಳ ಹೋಲಿಕೆಯಲ್ಲಿ ಧ್ವನಿ ನಿಯಮಗಳು ಬಿಗಿಯಾಗಿಲ್ಲ ಅನ್ನೋದು ಮುಖ್ಯ ಆಕ್ಷೇಪ.

ಕ್ರಿಯಾಪದ ಕೊನೆಯಲ್ಲಿ ಬರುವ, ಪ್ರತ್ಯಯ ಹಿಂದೆ ಅಂಟುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಕೊರಿಯನ್, ತುರ್ಕಿ, ಮಂಗೋಲಿಯನ್ ಎಲ್ಲ ಅದೇ ಧಾಟಿ. "ಮಾಡಿ ನೋಡು" ಕೊರಿಯನ್‌ನಲ್ಲೂ "ಹೆ ಬೊದ", ಬೊದ ಅಂದರೆ ನೋಡು. ಹಿಂದಿಯಲ್ಲೂ "ಕರ್‌ಕೆ ದೇಖೋ". ಹಾಗಂತ ಎಲ್ಲರೂ ದಾಯಾದಿಗಳಾಗಲ್ಲ. ಕಲಿಯೋಕೆ ಅನುಕೂಲ, ಅಷ್ಟಕ್ಕೆ ಬಿಡಿ. ವಂಶವೃಕ್ಷ ಬೇಡ.

ಅರಳಿಕಟ್ಟೆ
ಸರಿ ಗುರು, ಒಪ್ಕೊಂಡೆ. ಕೇಳೋಕೆ ಚೆನ್ನಾಗಿತ್ತು ಅಂತ ಹೇಳ್ದೆ.

ಬಿಡದಿ_ಪಾಳಿ
ಬಿಡದಿ ಕಡೆ ಕಾರ್ಖಾನೆಗಳಲ್ಲಿ ದುಭಾಷಿ ಕೆಲಸ ಮಾಡ್ತೀನಿ. ಇಲ್ಲಿವರೆಗೂ ಎಲ್ಲರೂ ಸಿಹಿ ಹಂಚಿದ್ರಿ, ನಾನು ಸ್ವಲ್ಪ ಖಾರ ಹಾಕ್ತೀನಿ. ಕನ್ನಡ ನಂಬಿ ಹಳ್ಳಕ್ಕೆ ಬೀಳೋ ಜಾಗಗಳೂ ಇವೆ.

ಮೊದಲನೇದು "ಮಾಡಿಕೊಡು". ನಮ್ಮಲ್ಲಿ ಸಾಹೇಬರಿಗೆ "ನಾನು ಮಾಡಿಕೊಡ್ತೀನಿ ಸರ್" ಅಂದ್ರೆ ಮರ್ಯಾದೆ. ಅದನ್ನೇ "ಶಿತೆ ಅಗೆಮಸು" ಅಂತ ಜಪಾನಿ ಮೇಲಧಿಕಾರಿಗೆ ಹೇಳಿದ್ರೆ "ಪಾಪ, ನಿಮಗೊಂದು ಉಪಕಾರ ಮಾಡ್ತೀನಿ" ಅನ್ನೋ ಹಾಗೆ ಕೇಳ್ಸುತ್ತೆ. ಚೀಲ ಹಿಡ್ಕೊಡ್ತೀನಿ ಅನ್ನಬೇಕಾ? "ಒಮೊಚಿ ಶಿಮಸು" ಅನ್ನಿ. "ಮೊತ್ತೆ ಅಗೆಮಸು" ಅನ್ನಬೇಡಿ. ಮಗುಗೆ, ಗೆಳೆಯನಿಗೆ ಅಂದ್ರೆ ತೊಂದರೆ ಇಲ್ಲ.

ಕೊಡೋದಕ್ಕೇ ಅವರಲ್ಲಿ ಎರಡು ಪದ ಇರೋದು ಇದರ ಮೂಲ. ನನ್ನ ಕಡೆಯಿಂದ ಆಚೆ ಹೋದರೆ ಅಗೆರು, ನನ್ನ ಕಡೆಗೆ ಬಂದರೆ ಕುರೆರು. ಒಶಿಎತೆ ಕುರೆತ ಅಂದರೆ ಯಾರೋ ನನಗೆ ಹೇಳಿಕೊಟ್ಟರು. ಒಶಿಎತೆ ಅಗೆತ ಅಂದರೆ ನಾನು ಹೇಳಿಕೊಟ್ಟೆ. ಕರ್ತೃ ಬಾಲದಲ್ಲಿ ಇಲ್ಲ ಅಂತ ಮೇಲೆ ಹೇಳಿದ್ರಲ್ಲ, ಆ ಕೆಲಸ ಅರ್ಧ ಇವು ಮಾಡ್ತವೆ. ಇವೆರಡರ ಜೊತೆ ಮೊರಾವು ಅಂತಲೂ ಇದೆ, ಪಡೆಯೋದು: ಒಶಿಎತೆ ಮೊರತ್ತ, ಹೇಳಿಸಿಕೊಂಡೆ.

ಎರಡನೇದು "ನೋಡು". "ಬೆಳಿಗ್ಗೆ ಐದಕ್ಕೆ ಏಳೋಕೆ ನೋಡ್ದೆ, ಆಗಲಿಲ್ಲ" ಅಂತೀವಿ. ಅದನ್ನ "ಒಕಿತೆ ಮಿತ" ಅಂದ್ರೆ ತಪ್ಪು, ಅದು "ಎದ್ದು ನೋಡ್ದೆ" ಅಂತ ಆಗುತ್ತೆ, ಎದ್ದಿದ್ದಾಗಿದೆ. ಏಳೋಕೆ ಪ್ರಯತ್ನಪಟ್ಟೆ ಅನ್ನೋದಕ್ಕೆ "ಒಕಿಯೋ ತೊ ಶಿತ". "ಮಾಡಿ ನೋಡು" ಮಾತ್ರ ಮಿರು. "ಮಾಡೋಕೆ ನೋಡು" ಬೇರೆ.

ಮೂರನೇದು "ಇಸು". ಹೋಗಿಸು ಅಂದರೆ ನಮಗೆ ಕಳಿಸೋದು, ಒತ್ತಾಯ. ಜಪಾನಿ "ಇಕಸೆರು" ಎರಡೂ ಕಡೆ ಹೋಗುತ್ತೆ: ಬಲವಂತವಾಗಿ ಕಳಿಸೋದು, ಹೋಗೋಕೆ ಬಿಡೋದು. "ಇಕಸೆತೆ ಕುದಸಾಯ್" ಅಂದ್ರೆ "ದಯವಿಟ್ಟು ನನ್ನನ್ನ ಹೋಗೋಕೆ ಬಿಡಿ". ಸಂದರ್ಭ ನೋಡಿ ಬಿಡಿಸಬೇಕು.

ಕುಂಬಳೆ_ಕಡಲು
ಅಗೆರು-ಕುರೆರು ಓದಿದಾಗ ನನಗೆ ಮಲಯಾಳ ನೆನಪಾಗುವುದು. ನಮ್ಮಲ್ಲಿ ಎರಡೂ ಭಾಷೆ ಉಂಟಲ್ಲ. "ನನಗೆ ತನ್ನು" ಅಂದರೆ ನನಗೆ ಕೊಟ್ಟ, "ಅವನಿಗೆ ಕೊಡುತ್ತು" ಅಂದರೆ ಅವನಿಗೆ ಕೊಟ್ಟ. ತರುಗ, ಕೊಡುಕ್ಕುಗ ಅಂತ ಎರಡು ಧಾತು. ಆದರೆ "ನಿನಗೆ ಕೊಡ್ತೇನೆ" ಅನ್ನುವಾಗ ಮಲಯಾಳದಲ್ಲಿ ತರುಗ ಬರುತ್ತದೆ, ಜಪಾನಿಯಲ್ಲಿ ಅಗೆರು. ಗೆರೆ ಎಳೆದ ಜಾಗ ಬೇರೆ.

ಹೊಸಬ_ಎನ್4
ಬಿಡದಿ ಸರ್, "ಮೊತ್ತೆ ಅಗೆಮಸು" ವಿಷಯ ಪುಸ್ತಕದಲ್ಲಿ ಒಂದು ಸಾಲಿನ ಅಡಿಟಿಪ್ಪಣಿ ಅಷ್ಟೇ! ಥ್ಯಾಂಕ್ಸ್.

ಇನ್ನೊಂದು. "ರರೆರು" ಕರ್ಮಣಿ ಅಂದ್ರಿ. ಆದ್ರೆ "ತಬೆರರೆರು" ಅಂದ್ರೆ ತಿನ್ನೋಕೆ ಆಗುತ್ತೆ ಅಂತಲೂ ಇದೆಯಲ್ಲ? ಮೇಲಾಗಿ ಮೇಷ್ಟ್ರು "ಸೆನ್ಸೇ ಗ ತಬೆರರೆರು" (ಮೇಷ್ಟ್ರು ತಿಂತಾರೆ) ಅಂದ್ರೆ ಗೌರವ ಅಂದರು. ಒಂದೇ ಬಾಲಕ್ಕೆ ಎಷ್ಟು ಕೆಲಸ?

ಕಾಗುಣಿತ
ನಾಲ್ಕು. ಕರ್ಮಣಿ, ಸಾಮರ್ಥ್ಯ, ಗೌರವ, ಮತ್ತೆ "ತಾನಾಗಿ ಆಗುವುದು". ಕೊನೆಯದಕ್ಕೆ ಉದಾಹರಣೆ "ಒಮೊವರೆರು", ಅನ್ನಿಸುತ್ತದೆ. ನಾನು ಅಂದುಕೊಳ್ಳುವುದಲ್ಲ, ತಾನಾಗಿ ಅನ್ನಿಸುವುದು. ಎಲ್ಲದರ ಬೇರು ಇದೇ ಎನ್ನುವವರು ಹೆಚ್ಚು, ನನಗೂ ಅದೇ ಸರಿ ಎನ್ನಿಸುತ್ತದೆ.

ವಿಚಿತ್ರ ಅನ್ನಿಸಿದರೆ ಕನ್ನಡದ "ಮಾಡಲಾಗು" ಎಂಬಲ್ಲಿನ "ಲಾಗು" ನೋಡಿ. ಪತ್ರಿಕೆಯಲ್ಲಿ "ರಸ್ತೆ ದುರಸ್ತಿ ಮಾಡಲಾಯಿತು" ಎಂದರೆ ಕರ್ಮಣಿ. "ನನ್ನಿಂದ ಮಾಡಲಾಗಲಿಲ್ಲ" ಎಂದರೆ ಸಾಮರ್ಥ್ಯ. ಬಾಲ ಒಂದೇ. "ಆಗು" ಎಂಬುದರಿಂದ "ನಡೆಯಿತು" ಕಡೆಗೂ ಹೋಗಬಹುದು, "ಸಾಧ್ಯವಾಯಿತು" ಕಡೆಗೂ ಹೋಗಬಹುದು. ಗೌರವಕ್ಕೂ ದಾರಿ ದೂರವಿಲ್ಲ. ದೊಡ್ಡವರು ಮಾಡಿದರು ಎಂದು ನೇರ ಬೆರಳು ತೋರದೆ, ಅವರ ಕಡೆ ಹೀಗಾಯಿತು ಎನ್ನುವ ನಯ. ನಾವು "ದಯಮಾಡಿಸಬೇಕು" ಎಂದು ಸುತ್ತುಬಳಸಿ ಕರೆಯುತ್ತೇವಲ್ಲ, ಅಂಥದ್ದೇ ಸಂಕೋಚ.

ಈ ಗೊಂದಲ ಜಪಾನಿಯರಿಗೂ ಇದೆ ಅನ್ನಿ. ಅದಕ್ಕೇ ಸಾಮರ್ಥ್ಯದ ಅರ್ಥದಲ್ಲಿ ಒಂದು "ರ" ಕಿತ್ತು "ತಬೆರೆರು", "ಮಿರೆರು" ಎನ್ನುವವರು ಹೆಚ್ಚಿದ್ದಾರೆ. "ರ-ನುಕಿ" ಎಂದು ಅದಕ್ಕೆ ಹೆಸರು, ಪತ್ರಿಕೆಗಳಲ್ಲಿ ಅದರ ಮೇಲೆ ಗೊಣಗಾಟವೂ ಹಳೆಯದು. ಅಲ್ಲಿನ ಸರ್ಕಾರದ ಸಂಸ್ಕೃತಿ ಇಲಾಖೆಯ 2015ನೇ ಸಾಲಿನ ಸಮೀಕ್ಷೆಯಲ್ಲಿ ಹೊಸ ವರ್ಷದ ಸೂರ್ಯೋದಯ "ನೋಡಲಾಯಿತು" ಅನ್ನಲು "ಮಿರೆತ" ಬಳಸುತ್ತೇವೆ ಎಂದವರು 48.4%, "ಮಿರರೆತ" ಎಂದವರು 44.6%. ಮೊದಲ ಸಲ ಹೊಸ ರೂಪ ಮೇಲಾಯಿತು. ನನ್ನನ್ನು ಕೇಳಿದರೆ ಅದು ಭಾಷೆಯ ಜಾಣತನ; ನಾಲ್ಕು ಕೆಲಸದ ಬಾಲದಿಂದ ಒಂದನ್ನು ಇಳಿಸಿಕೊಂಡಿತು. ನೀವು ಪರೀಕ್ಷೆಯಲ್ಲಿ ಮಾತ್ರ ಎರಡು "ರ" ಬರೆಯಿರಿ.

ಹೊಸಬ_ಎನ್4
"ಅಮೆ ನಿ ಫುರರೆತ" ಬಗ್ಗೆ ಯಾರಾದ್ರೂ ಹೇಳಿ. ಮಳೆಯಿಂದ ಸುರಿಯಲ್ಪಟ್ಟೆ?? ಕನ್ನಡದಲ್ಲಿ ಹೀಗೆ ಹೇಳಿದ್ರೆ ಮನೆಯಲ್ಲಿ ನಗ್ತಾರೆ.

ಒಸಾಕಾ_ವಾಸಿ
"ಅಲ್ಪಡು" ಹಿಡದ ಕೂತ್ರ ನಗೂದ. ಅದು ಬರಹದ ಪದ, ಯಾರ ಮಾತಿನ್ಯಾಗೂ ಇಲ್ಲ. ನಮ್ಮ ಬಾಯಾಗಿನ ಕರ್ಮಣಿ ಬ್ಯಾರೆನ ಐತಿ: "ಮಾಸ್ತರ ಕಡೆ ಬೈಸ್ಕೊಂಡೆ", "ಅಪ್ಪನ ಕಡೆ ಹೊಡಸ್ಕೊಂಡೆ". ಬೈ + ಇಸು + ಕೊಳ್ಳು. ನಾ ಏನೂ ಮಾಡಸಿಲ್ಲ, ಆದ್ರೂ "ಇಸು" ಐತಿ. ಆಗಿದ್ದು ನನಗ, ತ್ರಾಸೂ ನನ್ನದ, ಅದಕ್ಕ "ಕೊಳ್ಳು". "ಸೆನ್ಸೇ ನಿ ಶಿಕರರೆತ" ಅಂದ್ರ ಇದ. ಮಾಸ್ತರ ಕಡೆ ಬೈಸ್ಕೊಂಡೆ. ಆ "ನಿ" ನಮ್ಮ "ಕಡೆ", ಬೆಂಗಳೂರಿನವರ "ಹತ್ರ", "ಕೈಲಿ".

ಜಪಾನಿನವರು ಇದನ್ನ ಇನ್ನೂ ದೂರ ಒಯ್ದಾರ. ಕರ್ಮನ ಇಲ್ಲದ ಕ್ರಿಯಾಪದಕ್ಕೂ ಹಚ್ತಾರ. ಮಳಿ ಬಂತು, ನಾ ತೊಯ್ದೆ: ಅಮೆ ನಿ ಫುರರೆತ. ರಾತ್ರಿಯಿಡೀ ಕೂಸು ಅತ್ತು ನನಗ ನಿದ್ದಿ ಇಲ್ಲ: ಕೊದೊಮೊ ನಿ ನಕರೆತ. ಹೆಂಡತಿ ತೀರಿಕೊಂಡು ಒಬ್ಬಂಟಿ ಆದ: ತ್ಸುಮ ನಿ ಶಿನರೆತ. ಅಲ್ಲಿ ಬೈಸ್ಕೊಳ್ಳೂದು ಕೆಲಸ ಮಾಡೂದಿಲ್ಲ, "ಅಳಿಸ್ಕೊಂಡೆ", "ಸಾಯಿಸ್ಕೊಂಡೆ" ಅಂತ ನಾವು ಅನ್ನೂದಿಲ್ಲ. ಹಂಗ ಅಂದ ಕೂಡಲೇ ತಪ್ಪು ನನ್ನ ಮ್ಯಾಲ ಬರ್ತೈತಿ. ಜಪಾನಿಯೊಳಗ ತಪ್ಪು ಬರೂದಿಲ್ಲ, ನೋವು ಅಷ್ಟ ಬರ್ತೈತಿ. ವ್ಯಾಕರಣದವರು ಇದಕ್ಕ "ಮೆಇವಕು ನೊ ಉಕೆಮಿ" ಅಂತಾರ, ತ್ರಾಸಿನ ಕರ್ಮಣಿ ಅಂತ ಇಟಗೋರಿ.

ಬಿಡದಿ_ಪಾಳಿ
ಅದ್ಭುತ ರೀ. "ಬೈಸ್ಕೊಂಡೆ" ನಾಳೆಯಿಂದ ತರಗತಿಯಲ್ಲಿ ಹೇಳ್ತೀನಿ.

ಮೊದಲ ಪದಕ್ಕೆ ವಾಪಸ್ ಬಂದರೆ, ಅದರಲ್ಲಿನ "ಸಸೆರರೆ" ಥರದ ಬಾಲ ಮಾತಿನಲ್ಲಿ ಕೆಲವು ಕ್ರಿಯಾಪದಗಳಿಗೆ ಕುಗ್ಗುತ್ತೆ. ಗೊದಾನ್‌ನಲ್ಲಿ "ಸೆರರೆ" ಕುಗ್ಗಿ "ಸರೆ" ಆಗುತ್ತೆ. ಕಚೇರಿ ಪಾರ್ಟಿ ಮುಗಿಸಿ ಬಂದೋರು "ನೊಮಸರೆತ" ಅಂತಾರೆ, ಬೇಡ ಅಂದ್ರೂ ಕುಡಿಸಿದ್ರು ಅಂತ. ಹನಸು (ಮಾತಾಡು) ಥರ "ಸು"ನಲ್ಲಿ ಮುಗಿಯೋವು ಮಾತ್ರ ಕುಗ್ಗಲ್ಲ, ಹನಸಸೆರರೆತ ಅಂತ ಪೂರ್ತಿ ಹೇಳಬೇಕು. ತಬೆರು ಗುಂಪೂ ಕುಗ್ಗಲ್ಲ.

ತರ್ಕಪ್ರಿಯ
ಎನ್4ಗೆ ಖಂಡಿತ ಬರುವ ಇನ್ನೊಂದು: ಫುರು ಸೋ ದ, ಫುರಿ ಸೋ ದ. ಮೊದಲನೆಯದು "ಮಳೆ ಬರುತ್ತಂತೆ", ಯಾರೋ ಹೇಳಿದ್ದು. ಎರಡನೆಯದು "ಮಳೆ ಬರೋ ಹಾಗಿದೆ", ಮೋಡ ನೋಡಿ ಹೇಳಿದ್ದು. ಬಾಲ ಒಂದೇ, ಉ-ಮೆಟ್ಟಿಲೋ ಇ-ಮೆಟ್ಟಿಲೋ ಅನ್ನೋದರಲ್ಲಿ ಅರ್ಥ. ನಮ್ಮ "ಅಂತೆ" ಇರುವಾಗ ಇದು ಕಷ್ಟವಾಗಬಾರದು.

ಹಾಗೇ "ತಾಯ್" ನಿಮ್ಮ ಆಸೆಗೆ ಮಾತ್ರ. ಇನ್ನೊಬ್ಬರ ಹೊಟ್ಟೆಯೊಳಗಿನದು ನಿಮಗೆ ಹೇಗೆ ಗೊತ್ತು? ಅವನಿಗೆ "ತಬೆತಗತ್ತೆ ಇರು", ತಿನ್ನಬೇಕು ಅಂತ ತೋರಿಸಿಕೊಳ್ತಿದ್ದಾನೆ.

ಹೊಸಬ_ಎನ್4
ಎಲ್ಲಾ ನೋಟ್ಸ್‌ಗೆ ಇಳಿಸಿಕೊಂಡೆ, ಕನ್ನಡ ಲಿಪಿಯಲ್ಲೇ. ಕೊನೇದಾಗಿ ಒಂದು: ಯೂಟ್ಯೂಬ್‌ನಲ್ಲಿ ಒಂದು ಅಂಗಡಿ ಬಾಗಿಲ ಚೀಟಿ ನೋಡಿದೆ, "ಕ್ಯೂಗ್ಯೋ ಸಸೆತೆ ಇತದಕಿಮಸು". ರಜೆ ಅಂತ ಗೊತ್ತಾಯ್ತು. "ಸಸೆ" ಯಾಕೆ ಅಲ್ಲಿ? ಯಾರು ಯಾರಿಗೆ ಮಾಡಿಸ್ತಿದ್ದಾರೆ?

ಬಿಡದಿ_ಪಾಳಿ
ನೀವು (ಗಿರಾಕಿಗಳು) ನಮಗೆ ರಜೆ ಮಾಡೋಕೆ ಬಿಡ್ತೀರಿ, ಆ ಅನುಮತೀನ ನಾವು ತಲೆಬಾಗಿ ಪಡ್ಕೊಳ್ತೀವಿ. "ಸಸೆ" ಇಲ್ಲಿ ಬಿಡೋ ಅರ್ಥದ್ದು, "ಇತದಕು" ಅಂದ್ರೆ ಮೊರಾವು ಪದದ ವಿನಯ ರೂಪ. ಬಿಡ್ತೀರಾ ಅಂತ ಗಿರಾಕೀನ ಯಾರೂ ಕೇಳಿರಲ್ಲ, ಅದು ಬೇರೆ ಮಾತು. ಈಗೀಗ ಎಲ್ಲದಕ್ಕೂ ಇದನ್ನೇ ಅಂಟಿಸ್ತಾರೆ ಅಂತ ಅಲ್ಲಿನ ಹಿರಿಯರೇ ಬೈಕೋತಾರೆ. ಎನ್4ಗೆ ಬೇಡ, ಎನ್3ಗೆ ಓದ್ಕೊಳ್ಳಿ.